ಸುಂದರಲಾಲ್ ವರದಿ: ಒಂದು ಮರು ಓದು

ಶಹಾಪುರ, ಸುರಪುರ, ಯಾದಗಿರಿಯ ಕಡೆ 1948ರ ಮಾತು ಬಂದರೆ ಕೆಲವರು 'ರಜಾಕಾರರ ಹಾವಳಿ' ಎನ್ನುತ್ತಾರೆ, ಕೆಲವರು 'ಪೊಲೀಸ್ ಆ್ಯಕ್ಷನ್' ಎನ್ನುತ್ತಾರೆ. ವರ್ಷ ಒಂದೇ, ನೆಲವೂ ಒಂದೇ. ಆದರೆ ಒಬ್ಬರ ಕಥೆಯಲ್ಲಿ ಇನ್ನೊಬ್ಬರ ಸತ್ತವರಿಗೆ ಜಾಗವಿಲ್ಲ. ಈ ಬಿರುಕನ್ನು ಅರ್ಥ ಮಾಡಿಕೊಳ್ಳಬೇಕಾದರೆ ಸುಂದರಲಾಲ್ ಸಮಿತಿಯ ವರದಿಯನ್ನು ಓದಬೇಕು. ಅದು ಏನು ಹೇಳಿತು ಎಂಬುದರಷ್ಟೇ, ಏನನ್ನು ಮಾಡಲಾಗಲಿಲ್ಲ ಎಂಬುದನ್ನೂ ನಾವು ನೋಡಬೇಕು.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮರು ಶರಣಾದರು. ಆನಂತರ ಹಳ್ಳಿಗಳಲ್ಲಿ ನಡೆದದ್ದನ್ನು ಕಂಡು ಬರಲು ನೆಹರೂ ಅವರು ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರನ್ನು ಕಳುಹಿಸಿದರು. ಇವರು ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ, ಸಂಸ್ಥಾನದ 16 ಜಿಲ್ಲೆಗಳಲ್ಲಿ 9ನ್ನು ಸುತ್ತಿದರು. ಕನಿಷ್ಠ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಎಂಬುದು ಇವರ ಅಂದಾಜು. ಅದರಲ್ಲಿ 18 ಸಾವಿರ ಸಾವುಗಳು ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್ ಎಂಬ ನಾಲ್ಕು ಜಿಲ್ಲೆಗಳವು. ಶಹಾಪುರ ಆಗ ಗುಲಬರ್ಗಾ ಜಿಲ್ಲೆಯಲ್ಲಿತ್ತು.

ವರದಿಯ ದೊಡ್ಡ ಗುಣ ಅದರ ಪ್ರಾಮಾಣಿಕತೆ. ಇದೇ ನಾಲ್ಕು ಜಿಲ್ಲೆಗಳು ರಜಾಕಾರರ ಗಟ್ಟಿ ನೆಲೆಗಳಾಗಿದ್ದವು, ಅವರಿಂದ ಅತಿ ಹೆಚ್ಚು ನೊಂದದ್ದೂ ಇಲ್ಲಿನ ಜನರೇ ಎಂದು ಅದು ಒಪ್ಪುತ್ತದೆ. ಕೆಲವೆಡೆ ಸೈನಿಕರೂ ಪೊಲೀಸರೂ ಲೂಟಿ ಮತ್ತಿತರ ಅಪರಾಧಗಳಲ್ಲಿ ಪಾಲ್ಗೊಂಡರೆಂದು ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಮುಸ್ಲಿಮ್ ನೇಕಾರರನ್ನು ಉಳಿಸಲು ಹೋಗಿ ಪ್ರಾಣ ತೆತ್ತ ಹಿಂದೂ ನೇಕಾರರನ್ನೂ ನೆನೆಯುತ್ತದೆ. ದ್ವೇಷ ಬೆಳೆಸುವ ಉದ್ದೇಶದವರು ಹೀಗೆ ಬರೆಯುವುದಿಲ್ಲ.

ಆದರೆ ವರದಿಯ ಮಿತಿಯೂ ಅಲ್ಲೇ ಇದೆ. ತಮ್ಮದು ವಿಚಾರಣಾ ಆಯೋಗವಲ್ಲ, ಸದ್ಭಾವನಾ ನಿಯೋಗ ಎಂದು ಸಮಿತಿಯೇ ಹೇಳಿಕೊಂಡಿತು. ಐನೂರಕ್ಕೂ ಹೆಚ್ಚು ಜನರ ಮಾತು ಕೇಳಿತು, ಆದರೆ ಅವರು ನ್ಯಾಯಾಲಯದ ಸಾಕ್ಷಿಗಳಾಗಲಿಲ್ಲ. ನಮಗೆ ಸಂಖ್ಯೆ ಸಿಕ್ಕಿತು, ಆರೋಪಿ ಸಿಗಲಿಲ್ಲ. ಸರ್ದಾರ್ ಪಟೇಲರು ವರದಿಯನ್ನು ಒಪ್ಪಲಿಲ್ಲ. ಸರ್ಕಾರ ಅದನ್ನು ಪ್ರಕಟಿಸಲಿಲ್ಲ. ಇಡೀ ವರದಿ ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಸಾರ್ವಜನಿಕರ ಕಣ್ಣಿಗೆ ಬಿದ್ದದ್ದು 2013ರಲ್ಲಿ.

ರಜಾಕಾರರ ವಿಚಾರಣೆಯಾದರೂ ಸರಿಯಾಗಿ ಆಯಿತೇ? ಅವರ ನಾಯಕ ಕಾಸಿಂ ರಜ್ವಿಯನ್ನು ವಿಶೇಷ ನ್ಯಾಯಮಂಡಳಿ ವಿಚಾರಿಸಿತು. ಆತ ಸೆರೆಮನೆ ಸೇರಿದ್ದು ಬೀಬಿನಗರದ ದರೋಡೆ ಪ್ರಕರಣದಲ್ಲಿ. 1953ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ ಆತನ ಮನವಿಯನ್ನು ತಳ್ಳಿಹಾಕಿತು. 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನಕ್ಕೆ ಹೋದ. ಒಂದು ಖಾಸಗಿ ಸೈನ್ಯ ಕಟ್ಟಿ ಊರೂರಿಗೆ ಬೆಂಕಿಯಿಟ್ಟ ಅಪರಾಧವನ್ನು ಅಳೆಯಲು ಕಾನೂನಿಗೆ ಸಿಕ್ಕ ಮಾತು 'ದರೋಡೆ'! 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ಕೊಂದವರಿಗೂ ಈ ಮಾತು ಚಿಕ್ಕದೇ.

ಸಮಿತಿ ಹಳ್ಳಿಗಳಲ್ಲಿ ತಿರುಗುತ್ತಿದ್ದಾಗಲೇ, 1948ರ ಡಿಸೆಂಬರ್ 9ರಂದು, ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆ ನರಮೇಧ ವಿರೋಧಿ ಒಪ್ಪಂದವನ್ನು ಅಂಗೀಕರಿಸಿತು. ಸರ್ಕಾರವೇ ಆಗಲಿ, ಸೇನಾಪತಿಯೇ ಆಗಲಿ, ಅಪರಾಧ ಮಾಡಿದ ವ್ಯಕ್ತಿ ಉತ್ತರಿಸಲೇಬೇಕು ಎಂಬ ನ್ಯೂರೆಂಬರ್ ವಿಚಾರಣೆಯ ಪಾಠ ಅದರ ಹಿಂದಿತ್ತು. ಭಾರತ 1959ರಲ್ಲಿ ಒಪ್ಪಂದವನ್ನು ಸ್ಥಿರೀಕರಿಸಿತು, ಆದರೆ ಅದಕ್ಕೆ ತಕ್ಕ ಕಾನೂನು ಮಾಡಲಿಲ್ಲ. 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಇದೆ; ಸರ್ಕಾರದ ಕಡೆಯಿಂದ ದೂರು ಬಾರದೆ ನ್ಯಾಯಾಲಯ ಅದರಡಿ ಪ್ರಕರಣ ಕೈಗೆತ್ತಿಕೊಳ್ಳುವಂತಿಲ್ಲ. ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯವನ್ನು ಭಾರತ ಸೇರಿಲ್ಲ. 1984ರ ಸಿಖ್ ಹತ್ಯೆಗಳ ಪ್ರಕರಣದಲ್ಲಿ ದಿಲ್ಲಿ ಹೈಕೋರ್ಟ್ 2018ರಲ್ಲಿ ಈ ಕೊರತೆಯನ್ನು ನೇರವಾಗಿ ಎತ್ತಿ ತೋರಿಸಿತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಅದನ್ನು ತುಂಬಲಿಲ್ಲ.

ಇದರಿಂದ ನಮಗೇನು ನಷ್ಟ ಎಂದು ಓದುಗರು ಕೇಳಬಹುದು. ವ್ಯಕ್ತಿಯನ್ನು ಕಟಕಟೆಯಲ್ಲಿ ನಿಲ್ಲಿಸದಿದ್ದರೆ ಸಮುದಾಯವೇ ಕಟಕಟೆಯಲ್ಲಿ ನಿಲ್ಲುತ್ತದೆ, ಇದೇ ನಷ್ಟ. ಭಾರತ ಸೇರುವುದನ್ನು ಬೆಂಬಲಿಸಿದ್ದಕ್ಕೆ 1948ರ ಆಗಸ್ಟ್‌ನಲ್ಲಿ ಪ್ರಾಣ ತೆತ್ತ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಮುಸ್ಲಿಮರೇ. ಆದರೂ 'ರಜಾಕಾರ' ಎಂಬುದು ಇಂದಿಗೂ ಒಂದು ಸಮುದಾಯದ ಮೇಲೆ ಎಸೆಯುವ ಬೈಗುಳ. ಅದೇ ರೀತಿ ಲೂಟಿಕೋರರ ಪಾಪವನ್ನು ಇಡೀ ಹಿಂದೂ ಸಮಾಜದ ಮೇಲೆ ಹೊರಿಸುವುದೂ, ಆ ನೇಕಾರರನ್ನು ಮರೆಯುವುದೂ ಅನ್ಯಾಯವೇ.

1948ರ ಅಪರಾಧಿಗಳನ್ನು ಇನ್ನು ಯಾವ ಕಾನೂನೂ ಮುಟ್ಟಲಾರದು. ಆದರೆ ವರದಿ ಸರಳ ಕನ್ನಡದಲ್ಲಿ ಊರೂರಿನ ಗ್ರಂಥಾಲಯದಲ್ಲಿ ಸಿಗುವಂತಾಗಲಿ. ಗೋರಟಾದ ಸತ್ತವರನ್ನೂ ಗುಲಬರ್ಗಾದ ಸತ್ತವರನ್ನೂ ಒಂದೇ ಪುಟದಲ್ಲಿ ಓದುವ ಅಭ್ಯಾಸ ನಮ್ಮ ಮಕ್ಕಳಿಗಾಗಲಿ. ಕೊಂದವನ ಧರ್ಮವನ್ನೂ ಸಮವಸ್ತ್ರವನ್ನೂ ನೋಡದೆ ಕೃತ್ಯವನ್ನು ಮಾತ್ರ ನೋಡುವ ಕಾನೂನು ಈ ದೇಶಕ್ಕೆ ಬೇಕು. ಪ್ರತಿ ಸೆಪ್ಟೆಂಬರ್ 17ರಂದು ನಮ್ಮ ಊರುಗಳಲ್ಲಿ ಧ್ವಜ ಏರುತ್ತದೆ. ಆ ದಿನ ಎಲ್ಲರ ದಿನವಾಗಬೇಕಾದರೆ ಎಲ್ಲರ ಸತ್ತವರಿಗೂ ಅಲ್ಲಿ ಜಾಗವಿರಬೇಕು.