ಹಿಂದಿನ ದೋಣಿಯ ಮೇಲೊಂದು ಕಣ್ಣು

ಗಾಳಿ ಬರುವ ದಿಕ್ಕಿಗೇ ಹಾಯಿದೋಣಿ ನೆಟ್ಟಗೆ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳುತ್ತಲೇ ಮೇಲಿನ ಬೂಯಿ, ಅಂದರೆ ಗಾಳಿ ಬರುವ ಕಡೆ ತೇಲಿಬಿಟ್ಟ ರೇಸಿನ ಗುರುತು, ತಲುಪಬೇಕು. ಈ ಹೊರಳಾಟವೇ ಟ್ಯಾಕ್. ಗಾಳಿ ಅಲುಗದೆ ಬೀಸಿದರೆ ಎತ್ತಲಿಂದ ಹೋದರೂ ದೂರ ಒಂದೇ. ಆದರೆ ಅದು ಐದು, ಹತ್ತು ಡಿಗ್ರಿ ಆಚೀಚೆ ತೂಗುತ್ತಲೇ ಇರುತ್ತದೆ. ದೋಣಿಯ ಮೂತಿ ಬೂಯಿಯತ್ತ ತಿರುಗುವಂತೆ ಬೀಸಿದರೆ ಲಿಫ್ಟ್, ಆಚೆಗೆ ತಳ್ಳಿದರೆ ಹೆಡರ್. ಲಿಫ್ಟ್ ಇರುವಷ್ಟು ಹೊತ್ತು ಸಾಗು, ಹೆಡರ್ ಬಂದರೆ ಹೊರಳು: ಇದು ಮೊದಲ ಪಾಠ.

ಎರಡನೆಯ ಪಾಠವೇ ನನಗೆ ಹೆಚ್ಚು ಇಷ್ಟ. ಎರಡು ದೋಣಿಗಳು ಸಮಸಮನಾಗಿವೆ, ನಡುವೆ ಅಡ್ಡಡ್ಡಲಾಗಿ 100 ಮೀಟರ್ ಅಂತರವಿದೆ ಅನ್ನಿ. ಗಾಳಿ 10 ಡಿಗ್ರಿ ತಿರುಗಿದರೆ, ಅದು ತಿರುಗಿದ ಬದಿಯಲ್ಲಿದ್ದವನು ಸುಮಾರು 25 ಮೀಟರ್ ಮುಂದಾಗುತ್ತಾನೆ. ಅಂತರ 20 ಮೀಟರ್ ಆಗಿದ್ದರೆ ಬರೀ 5. ಹಾಗಾಗಿ ಹಿಂದೆ ಬಿದ್ದವನು ದೂರ ಸರಿದು ಅದೃಷ್ಟ ನೋಡಬೇಕು. ಮುಂದಿರುವವನು ಎದುರಾಳಿಗೂ ಬೂಯಿಗೂ ನಡುವೆ ನಿಂತು ಅವನ ಪ್ರತಿ ಟ್ಯಾಕಿಗೂ ಟ್ಯಾಕ್ ಮಾಡಬೇಕು. ತನ್ನ ಹಾಯಿ ಕಲಕಿದ ಗಾಳಿಯನ್ನೇ ಅವನಿಗೆ ಉಣ್ಣಿಸಬೇಕು.

ಈ ಪಾಠಕ್ಕೊಂದು ಉದಾಹರಣೆ: 1983ರ ಸೆಪ್ಟೆಂಬರ್ 26, ಅಮೆರಿಕದ ನ್ಯೂಪೋರ್ಟ್. ಹಾಯಿದೋಣಿ ಪಂದ್ಯವಾದ ಅಮೆರಿಕಾಸ್ ಕಪ್‌ನ ಏಳನೆಯ, ಕಡೆಯ ರೇಸ್. ಡೆನಿಸ್ ಕಾನರ್ ನಡೆಸುತ್ತಿದ್ದ 'ಲಿಬರ್ಟಿ' ಕೊನೆಯ ಬಾರಿಗೆ ಮೇಲಿನ ಬೂಯಿ ಸುತ್ತಿದಾಗ 57 ಸೆಕೆಂಡ್ ಮುಂದಿತ್ತು. ಗಾಳಿ ಬೆನ್ನಿಗಿದ್ದ ಮುಂದಿನ ಹಂತದಲ್ಲಿ ಎರಡು ದೋಣಿಗಳೂ ಬೇರೆ ಬೇರೆ ದಾರಿ ಹಿಡಿದವು. ಜಾನ್ ಬರ್ಟ್ರಂಡ್‌ರ 'ಆಸ್ಟ್ರೇಲಿಯಾ 2' ಕೆಳಗಿನ ಬೂಯಿ ಸುತ್ತುವಾಗ 21 ಸೆಕೆಂಡ್ ಮುಂದಾಗಿತ್ತು. ಉಳಿದದ್ದು ಎದುರುಗಾಳಿಯ ಒಂದೇ ಹಾದಿ. ಕಾನರ್ ನಲವತ್ತಕ್ಕೂ ಹೆಚ್ಚು ಸಲ ಹೊರಳಿದರು. ಮಗ್ಗುಲು ಬದಲಿಸಿದಾಗಲೆಲ್ಲ ಬರ್ಟ್ರಂಡ್ ಎದುರಿಗೇ ಇದ್ದರು. ತನಗೊಂದು ಬೇರೆ ಗಾಳಿ ಹುಡುಕಿಕೊಳ್ಳಲು ಕಾನರ್‌ಗೆ ಜಾಗವೇ ಸಿಗಲಿಲ್ಲ. 41 ಸೆಕೆಂಡ್ ಅಂತರದಲ್ಲಿ ಗೆದ್ದ ಆಸ್ಟ್ರೇಲಿಯಾ, 132 ವರ್ಷ ಅಮೆರಿಕದವರ ಕೈಯಲ್ಲೇ ಇದ್ದ ಕಪ್ಪನ್ನು ಕಸಿದುಕೊಂಡಿತು.

ಈ ಗೆಲುವನ್ನು ಬಹಳ ಮಂದಿ ದೋಣಿಯ ತಳಕ್ಕೆ ಜೋಡಿಸಿದ್ದ, ರೆಕ್ಕೆಯಿದ್ದ ಕೀಲ್‌ಗೆ ಕಟ್ಟುತ್ತಾರೆ. ಅದನ್ನು ರೂಪಿಸಿದ ಬೆನ್ ಲೆಕ್ಸೆನ್‌ರ ಜಾಣ್ಮೆ ದೊಡ್ಡದೇ. ಆದರೂ ಮುಂದಿದ್ದವರು ಹಿಂದಿನವರನ್ನು ಕೈಬಿಟ್ಟದ್ದು, ಆಮೇಲೆ ಮುಂದಾದವರು ಕೈಬಿಡದೆ ಹಿಡಿದದ್ದು, ಇವೆರಡೇ ಆ ದಿನವನ್ನು ತೀರ್ಮಾನಿಸಿದವು ಎಂಬುದು ನನ್ನ ಖಚಿತ ಅಭಿಪ್ರಾಯ.

ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸೇನೆಯ ಇಂಜಿನಿಯರುಗಳ ತೃಷ್ಣಾ ಸೇಲಿಂಗ್ ಕ್ಲಬ್ ಇದೆ. ಅಲ್ಲಿ ಹಾಯಿಗಳು ಕಂಡ ದಿನ ಐದು ನಿಮಿಷ ನಿಲ್ಲಿ. ಎರಡನೆಯ ದೋಣಿ ಹೊರಳಿದಾಗ ಮೊದಲನೆಯದು ಏನು ಮಾಡುತ್ತದೆ, ಅದನ್ನು ನೋಡಿ.