ನೌಕರಿಯ ಪರೀಕ್ಷೆಗಳಲ್ಲಿ ಭಾಷೆ ಮತ್ತು ಗಣಕ

ವಿಮರ್ಶೆಯೆಂದರೆ ಕಾವ್ಯ, ನಾಟಕ, ಕಾದಂಬರಿಗಳ ಗುಣದೋಷವಿವೇಚನೆಯೆಂದೇ ನಮ್ಮಲ್ಲಿ ರೂಢಿ. ಪ್ರಶ್ನಪತ್ರಿಕೆಯನ್ನು ಒಂದು ಕೃತಿಯೆಂದೆಣಿಸಿ ಪರಿಶೀಲಿಸಿದವರು ವಿರಳ. ಆದರೆ ಯಾವ ಕಾದಂಬರಿಗೂ ಲಭಿಸದ ಏಕಾಗ್ರ ವಾಚಕರು ಈ ಕೃತಿಗೆ ಲಭಿಸುತ್ತಾರೆ. ಅದರ ಒಂದೊಂದು ಪದದ ಮೇಲೂ ಒಂದೊಂದು ಸಂಸಾರದ ಅನ್ನ ನಿಂತಿರುತ್ತದೆ. ಎರಡು ದಶಕಗಳಿಂದ ಬ್ಯಾಂಕಿನ ಮೇಜಿನ ಹಿಂದೆ ಕುಳಿತು, ಈ ಪರೀಕ್ಷೆಗಳನ್ನು ದಾಟಿ ಬಂದ ತರುಣರೊಡನೆ ದುಡಿಯುತ್ತಿರುವ ನನಗೆ, ಇವನ್ನು ಒಮ್ಮೆ ಒರೆಗೆ ಹಚ್ಚಿ ನೋಡುವುದು ಅಗತ್ಯವೆಂದು ತೋರಿದೆ. ಅಭ್ಯರ್ಥಿಯ ಗಣಕಜ್ಞಾನವನ್ನೂ ಭಾಷಾಗ್ರಹಣವನ್ನೂ ಅಳೆಯುತ್ತೇವೆಂದು ಹೇಳುವ ಈ ಪತ್ರಿಕೆಗಳು ನಿಜವಾಗಿ ಏನನ್ನು ಅಳೆಯುತ್ತವೆ? ಪ್ರಶ್ನೆ ಇಷ್ಟೇ.

ಈ ಪರೀಕ್ಷೆಗಳ ಮೂಲಸ್ಥಾನ ನಮ್ಮ ಮುಂಬಯಿಯೇ. ೧೯೭೫ರಲ್ಲಿ ರಾಷ್ಟ್ರೀಯ ಬ್ಯಾಂಕ್ ನಿರ್ವಹಣ ಸಂಸ್ಥೆಯ ಒಂದು ಶಾಖೆಯಾಗಿ ಹುಟ್ಟಿ, ೧೯೮೪ರಲ್ಲಿ ಸ್ವತಂತ್ರವಾದ ಐ.ಬಿ.ಪಿ.ಎಸ್. ಸಂಸ್ಥೆ ಕಾಂದಿವಲಿಯಲ್ಲಿದೆ. ಗಣಕವು ಬ್ಯಾಂಕುಗಳನ್ನು ಪ್ರವೇಶಿಸಲು ದಾರಿ ಮಾಡಿಕೊಟ್ಟ ಡಾ. ಸಿ. ರಂಗರಾಜನ್ ಸಮಿತಿಯ ಮೊದಲ ವರದಿಯೂ ಅದೇ ೧೯೮೪ರದು. ೨೦೧೧ರಿಂದ ಈ ಸಂಸ್ಥೆ ಸರಕಾರಿ ಬ್ಯಾಂಕುಗಳಿಗೆಲ್ಲ ಒಂದೇ ಪರೀಕ್ಷೆಯನ್ನು ನಡೆಸತೊಡಗಿತು. ಸ್ಟೇಟ್ ಬ್ಯಾಂಕು ಮಾತ್ರ ತನ್ನ ಪರೀಕ್ಷೆಯನ್ನು ತಾನೇ ನಡೆಸುತ್ತದೆ. ಗುಮಾಸ್ತರ ಪೂರ್ವಭಾವಿ ಪರೀಕ್ಷೆಯಲ್ಲಿ ನೂರು ಪ್ರಶ್ನೆ, ಅರುವತ್ತು ನಿಮಿಷ. ಅದರಲ್ಲಿ ಇಂಗ್ಲಿಷಿಗೆ ಮೂವತ್ತು ಪ್ರಶ್ನೆ, ಇಪ್ಪತ್ತು ನಿಮಿಷ. ಎಂದರೆ ಗದ್ಯಭಾಗವನ್ನು ಓದುವ ಕಾಲವೂ ಸೇರಿ ಪ್ರಶ್ನೆಯೊಂದಕ್ಕೆ ನಲುವತ್ತು ಸೆಕೆಂಡು. ತಪ್ಪುತ್ತರಕ್ಕೆ ಕಾಲು ಅಂಕದ ದಂಡ. ಐದು ಉತ್ತರಗಳಲ್ಲಿ ಒಂದನ್ನು ಕಣ್ಣು ಮುಚ್ಚಿ ಆರಿಸುವವನು ಸರಾಸರಿಯಲ್ಲಿ ಐದಕ್ಕೆ ಒಂದನ್ನು ಗಳಿಸಿ, ನಾಲ್ಕು ಕಾಲುಗಳನ್ನು ಕಳೆದುಕೊಂಡು ಸೊನ್ನೆಗೇ ಮರಳುತ್ತಾನೆ. ಗಣಿತದ ದೃಷ್ಟಿಯಿಂದ ಇದು ಕುಂದಿಲ್ಲದ ಏರ್ಪಾಡು. ಶಿಫಾರಸಿಗೂ ಬಂಧುಪಕ್ಷಪಾತಕ್ಕೂ ಇಲ್ಲಿ ಎಡೆಯಿಲ್ಲ. ಬಡವರ ಮಕ್ಕಳು ಯಾರ ಹಂಗೂ ಇಲ್ಲದೆ ಬ್ಯಾಂಕಿನ ಮೆಟ್ಟಿಲೇರಿದ್ದು ಇದರಿಂದಲೇ ಎಂಬುದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುತ್ತೇನೆ.

ಪರೀಕ್ಷಾಶಾಸ್ತ್ರಜ್ಞರು ಎರಡು ಗುಣಗಳನ್ನು ಹೇಳುತ್ತಾರೆ: ವಿಶ್ವಾಸನೀಯತೆ ಮತ್ತು ಸಪ್ರಮಾಣತೆ. ತಕ್ಕಡಿಯು ಎಷ್ಟು ಸಲ ತೂಗಿದರೂ ಒಂದೇ ತೂಕವನ್ನು ತೋರಿಸುವುದು ಮೊದಲನೆಯದು. ಅಳೆಯಬೇಕಾದ ವಸ್ತುವನ್ನೇ ಅಳೆಯುವುದು ಎರಡನೆಯದು. ಹಾಲಿನ ಕೊಬ್ಬನ್ನು ತಿಳಿಯಬೇಕಾದಲ್ಲಿ ಹಾಲಿನ ತೂಕವನ್ನು ಎಷ್ಟು ನಿಖರವಾಗಿ ಹೇಳಿದರೇನು? ನಮ್ಮ ಪರೀಕ್ಷೆಗಳಲ್ಲಿ ಮೊದಲ ಗುಣ ಸಮೃದ್ಧವಾಗಿದೆ. ಎರಡನೆಯದರ ಬಗೆಗೇ ನನ್ನ ಸಂದೇಹ.

ಗಣಕದ ವಿಷಯವನ್ನು ಮೊದಲು ನೋಡೋಣ. ಮೊದಮೊದಲು ಪ್ರತ್ಯೇಕ ವಿಭಾಗವಾಗಿದ್ದ ಇದು, ೨೦೨೪ರ ಮುಖ್ಯ ಪರೀಕ್ಷೆಯ ವಿನ್ಯಾಸದಲ್ಲಿ ತರ್ಕದೊಡನೆ ಬೆರೆತು ಐವತ್ತು ಪ್ರಶ್ನೆಗಳ ಒಂದು ವಿಭಾಗವಾಗಿತ್ತು. ಇಂತಹ ಪರೀಕ್ಷೆಗಳಿಗೆಂದು ಮಾರಾಟವಾಗುವ ಕೈಪಿಡಿಗಳನ್ನು ತೆರೆದರೆ ಕಾಣುವುದು ಒಂದೇ ಬಗೆ: 'ರ್‍ಯಾಮ್' ಎಂಬುದರ ವಿಸ್ತೃತ ರೂಪವೇನು? ಒಂದು ಕಿಲೋಬೈಟಿಗೆ ಎಷ್ಟು ಬೈಟು? ನಕಲು ಮಾಡಲು ಯಾವ ಕೀಲಿಗಳನ್ನು ಒತ್ತಬೇಕು? ಇವೆಲ್ಲ ಈಜುವವನಿಗೆ ನೀರಿನ ರಾಸಾಯನಿಕ ಸೂತ್ರವನ್ನು ಕೇಳಿದ ಹಾಗೆ. ನಾನು ಕಂಡ ಒಬ್ಬ ತರುಣ, ಬುದ್ಧಿವಂತನೇ, ಈ ಭಾಗದಲ್ಲಿ ಉತ್ತಮ ಅಂಕ ಗಳಿಸಿ ಬಂದಿದ್ದ. ಕರ್ನಾಟಕದಿಂದ ಬಂದ ಒಂದು ಕನ್ನಡ ಕಡತವನ್ನು ಯಂತ್ರದಲ್ಲಿ ತೆರೆದಾಗ ಅಕ್ಷರಗಳಿಗೆ ಬದಲು ವಿಚಿತ್ರ ಚಿಹ್ನೆಗಳು ಮೂಡಿದವು. ಕಡತ ಕೆಟ್ಟುಹೋಗಿದೆಯೆಂದು ಅವನು ಅದನ್ನು ಹಿಂದಿರುಗಿಸಲು ಹೊರಟಿದ್ದ. ಅದು ಹಳೆಯ 'ನುಡಿ' ಲಿಪಿಯಲ್ಲಿ ಬೆರಳಚ್ಚಾದದ್ದು. ಆ ಲಿಪಿಯಿಲ್ಲದ ಯಂತ್ರದಲ್ಲಿ ಅದು ಓದಲು ಬಾರದು. ಯೂನಿಕೋಡಿಗೆ ಪರಿವರ್ತಿಸಿದರೆ ಎಲ್ಲೆಡೆಯೂ ಓದಬಹುದು. ಇದೇ ನಿಜವಾದ ಗಣಕಜ್ಞಾನ. ಇದನ್ನು ಅವನಿಗೆ ಯಾರೂ ಕೇಳಿರಲಿಲ್ಲ. ಹಾಗೆಯೇ, 'ಲ' ಮತ್ತು 'ಳ'ಗಳೆರಡೂ ರೋಮನ್ ಲಿಪಿಯಲ್ಲಿ ಒಂದೇ ಅಕ್ಷರವಾಗುವುದರಿಂದ ಹುಟ್ಟುವ ಹೆಸರಿನ ಗೊಂದಲ, ಆಧಾರ್ ಚೀಟಿಗೂ ಪಾಸ್‌ಬುಕ್ಕಿಗೂ ಹೊಂದದ ಕಾಗುಣಿತ, ದೂರವಾಣಿಯಲ್ಲಿ ಗುಪ್ತಸಂಖ್ಯೆ ಕೇಳುವ ವಂಚಕನ ಬಗೆಗೆ ಮುದುಕಿಯೊಬ್ಬಳನ್ನು ಎಚ್ಚರಿಸುವ ಬಗೆ: ಬ್ಯಾಂಕಿನ ದಿನನಿತ್ಯದ ಗಣಕವೆಂದರೆ ಇವೇ.

ಇನ್ನು ಭಾಷಾಗ್ರಹಣ. ಗದ್ಯಭಾಗದಲ್ಲಿ ಪದಗಳನ್ನು ಬಿಟ್ಟು, ಬಿಟ್ಟ ಸ್ಥಳಗಳನ್ನು ತುಂಬಿಸುವ ಪರೀಕ್ಷೆ ಎಲ್ಲರಿಗೂ ಪರಿಚಿತವಾದದ್ದೇ. ಇದನ್ನು ೧೯೫೩ರಲ್ಲಿ ರೂಪಿಸಿದವರು ಅಮೆರಿಕದ ವಿಲ್ಸನ್ ಟೇಲರ್. ಅವರು ಅಳೆಯಹೊರಟದ್ದು ಓದುಗನ ಯೋಗ್ಯತೆಯನ್ನಲ್ಲ, ಬರಹದ ಸುಗಮತೆಯನ್ನು ಎಂಬುದು ಇಲ್ಲಿ ಗಮನಿಸತಕ್ಕ ಅಂಶ. ಬಿಟ್ಟ ಪದಗಳನ್ನು ಓದುಗರು ಊಹಿಸಲಾರದೆ ಹೋದರೆ ದೋಷ ಬರಹದ್ದು ಎಂಬುದು ಮೂಲ ಭಾವನೆ. ಕಾಲಕ್ರಮದಲ್ಲಿ ತಕ್ಕಡಿ ತಿರುಗಿತು, ದೋಷವೆಲ್ಲ ಓದುಗನದಾಯಿತು.

ನಮ್ಮ ಪ್ರಾಚೀನರು ವಾಕ್ಯಾರ್ಥಬೋಧೆಗೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿಗಳೆಂಬ ಮೂರನ್ನು ಹೇಳಿದ್ದಾರೆ. ಪದವು ಪದವನ್ನು ಬಯಸಬೇಕು, ಅರ್ಥಗಳು ಪರಸ್ಪರ ಹೊಂದಬೇಕು, ಪದಗಳು ಹತ್ತಿರದಲ್ಲಿರಬೇಕು. ಈ ಒರೆಗಲ್ಲನ್ನು ಅಭ್ಯರ್ಥಿಗೆ ಹಚ್ಚುವ ಮೊದಲು ಪ್ರಶ್ನೆಗೇ ಹಚ್ಚಿ ನೋಡೋಣ. ನಾನೇ ರಚಿಸಿದ ಒಂದು ಮಾದರಿ: "ಯಾರ ಹೆಸರಿನಲ್ಲಿ ಖಾತೆಯು ಹೊಂದಲ್ಪಟ್ಟಿದೆಯೋ ಅವನಿಂದ ಸಲ್ಲಿಸಲ್ಪಡದ ಹೊರತು ಅರ್ಜಿಯು ಸ್ವೀಕರಿಸಲ್ಪಡತಕ್ಕದ್ದಲ್ಲ." ಹೇಳಬೇಕಾದದ್ದು ಇಷ್ಟೇ: "ಖಾತೆದಾರನೇ ಕೊಟ್ಟ ಅರ್ಜಿಯನ್ನು ಮಾತ್ರ ಸ್ವೀಕರಿಸಬೇಕು." ಮೊದಲನೆಯ ವಾಕ್ಯದಲ್ಲಿ ಪದಗಳು ಕನ್ನಡದವು, ಸನ್ನಿಧಿ ಇಂಗ್ಲಿಷಿನದು. ಅದು ಅರ್ಥವಾಗಬೇಕಾದರೆ ಮನಸ್ಸಿನಲ್ಲಿ ಇಂಗ್ಲಿಷಿಗೆ ತಿರುಗಿಸಿಕೊಳ್ಳಬೇಕು. ಹಾಗೆ ತಿರುಗಿಸಬಲ್ಲವನಿಗೆ ಕನ್ನಡ ಪತ್ರಿಕೆ ಬೇಕಿಲ್ಲ. ಬೇಕಾದವನಿಗೆ ಅದು ಉಪಯೋಗವಿಲ್ಲ. ದ್ವಿಭಾಷಾ ಪತ್ರಿಕೆಗಳಲ್ಲಿ, ಸಂದೇಹ ಬಂದಲ್ಲಿ ಇಂಗ್ಲಿಷ್ ಪಾಠವೇ ಪ್ರಮಾಣವೆಂಬ ಸೂಚನೆಯೂ ಸಾಮಾನ್ಯವಾಗಿ ಇರುತ್ತದೆ.

ಇದು ಕಲ್ಪಿತ ಭಯವಲ್ಲ. ಕರ್ನಾಟಕ ಲೋಕಸೇವಾ ಆಯೋಗವು ೨೦೨೪ರ ಆಗಸ್ಟ್ ೨೭ರಂದು ೩೮೪ ಗೆಜೆಟೆಡ್ ಹುದ್ದೆಗಳಿಗಾಗಿ ನಡೆಸಿದ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದದಲ್ಲಿ ಎಷ್ಟು ತಪ್ಪುಗಳು ನುಸುಳಿದ್ದುವೆಂದರೆ, ಸರಕಾರ ಮರುಪರೀಕ್ಷೆಗೆ ಆಜ್ಞೆ ಮಾಡಬೇಕಾಯಿತು. ಡಿಸೆಂಬರ್ ೨೯ರಂದು ನಡೆದ ಆ ಮರುಪರೀಕ್ಷೆಯಲ್ಲಿಯೂ ಅನುವಾದದ ದೋಷಗಳ ದೂರು ಕೇಳಿಬಂತು. ಕನ್ನಡನಾಡಿನಲ್ಲಿಯೇ, ಕನ್ನಡಿಗರಿಗಾಗಿಯೇ ರಚಿತವಾದ ಪತ್ರಿಕೆಯ ಗತಿ ಇದಾದರೆ, ಮಿಕ್ಕವುಗಳ ಮಾತೇನು?

ಬ್ಯಾಂಕುಗಳ ವಿಷಯದಲ್ಲಿ ಒಂದು ಶುಭಸೂಚನೆಯುಂಟು. ೨೦೨೧ರ ಸೆಪ್ಟೆಂಬರಿನಲ್ಲಿ ಅರ್ಥಸಚಿವಾಲಯವು ಹನ್ನೆರಡು ಸರಕಾರಿ ಬ್ಯಾಂಕುಗಳ ಗುಮಾಸ್ತರ ಪರೀಕ್ಷೆಗಳನ್ನು ಇಂಗ್ಲಿಷ್, ಹಿಂದಿಗಳ ಜತೆಗೆ ಹದಿಮೂರು ಪ್ರಾದೇಶಿಕ ಭಾಷೆಗಳಲ್ಲಿಯೂ ನಡೆಸಬೇಕೆಂದು ನಿರ್ಧರಿಸಿತು. ಆದರೆ ಇಂಗ್ಲಿಷಿನ ವಿಭಾಗ ಇಂಗ್ಲಿಷಿನಲ್ಲಿಯೇ ಉಳಿದು ಅಂಕಗಳನ್ನು ಹಂಚುತ್ತದೆ. ರಾಜ್ಯಭಾಷೆಯ ಪರೀಕ್ಷೆಗಾದರೋ ಅಂಕವಿಲ್ಲ. ಅದು ಕೊನೆಯಲ್ಲಿ, ತೇರ್ಗಡೆಗೆ ಮಾತ್ರ. ಕನ್ನಡದಲ್ಲಿ ನಿಪುಣನಾದವನಿಗೂ ಹೇಗೋ ದಾಟಿಕೊಂಡವನಿಗೂ ಅಲ್ಲಿ ಭೇದವಿಲ್ಲ. ಗದಗಿನ ಹಳ್ಳಿಯ ರೈತ ತನ್ನ ಸಾಲದ ಕಾಗದವನ್ನು ಮುಂದಿಟ್ಟು, "ಇದರಾಗ ಏನ್ ಬರದೈತ್ರಿ?" ಎಂದು ಕೇಳಿದಾಗ ಉತ್ತರ ಹೇಳಬೇಕಾದವನು ಆ ಗುಮಾಸ್ತ. ಸುತ್ತೋಲೆಯನ್ನು ಇಂಗ್ಲಿಷಿನಲ್ಲಿ ಓದಿ, ಅದರ ತಾತ್ಪರ್ಯವನ್ನು ಆ ರೈತನ ಕನ್ನಡದಲ್ಲಿ ಹೇಳಬಲ್ಲನೇ ಎಂಬುದೇ ಈ ಹುದ್ದೆಯ ನಿಜವಾದ ಗ್ರಹಣಪರೀಕ್ಷೆ.

ಲಕ್ಷಗಟ್ಟಲೆ ಅಭ್ಯರ್ಥಿಗಳಿಗೆ ಪ್ರಾಯೋಗಿಕ ಪರೀಕ್ಷೆ ಸಾಧ್ಯವೇ ಎಂದು ಕೇಳಬಹುದು. ಲಕ್ಷಗಟ್ಟಲೆ ಜನಕ್ಕೆ ಬೇಕಿಲ್ಲ. ಬರಹದ ಪರೀಕ್ಷೆಯನ್ನು ದಾಟಿದವರಿಗೆ ಸಾಕು. ಕೇಂದ್ರದ ಸಿಬ್ಬಂದಿ ಆಯ್ಕೆ ಆಯೋಗವು ಕಿರಿಯ ಗುಮಾಸ್ತರಿಗೆ ನಿಮಿಷಕ್ಕೆ ಇಂಗ್ಲಿಷಿನಲ್ಲಿ ೩೫, ಹಿಂದಿಯಲ್ಲಿ ೩೦ ಪದಗಳ ಬೆರಳಚ್ಚು ಪರೀಕ್ಷೆಯನ್ನು ಹೀಗೆಯೇ ನಡೆಸುತ್ತ ಬಂದಿದೆ. ಅದೇ ಯಂತ್ರದ ಮುಂದೆ ಹದಿನೈದು ನಿಮಿಷ ಕೂರಿಸಿ, ಗಿರಾಕಿಯ ಒಂದು ಕನ್ನಡ ಪತ್ರವನ್ನು ಓದಿಸಿ, ನಾಲ್ಕು ಸಾಲಿನ ಉತ್ತರವನ್ನು ಕನ್ನಡದಲ್ಲಿ ಬೆರಳಚ್ಚು ಮಾಡಿಸಿದರೆ, ಗಣಕ ಮತ್ತು ಭಾಷೆ ಎರಡರ ಅಳತೆಯೂ ಒಮ್ಮೆಗೇ ಸಿಕ್ಕುತ್ತದೆ. ಹಾಗೆಯೇ ಪ್ರಶ್ನೆಗಳನ್ನು ಮೊದಲು ಕನ್ನಡದಲ್ಲಿಯೇ ರಚಿಸಲಿ; ಇಲ್ಲವಾದರೆ ಅನುವಾದಿತ ಪತ್ರಿಕೆಯನ್ನು ಟೇಲರ್ ಅವರ ಕ್ರಮದಿಂದ ಹತ್ತು ಮಂದಿ ಕನ್ನಡ ಪದವೀಧರರಿಂದ ಮೊದಲೇ ಪರೀಕ್ಷಿಸಲಿ.

ಕಡೆಯದಾಗಿ ನಮ್ಮ ಮನೆಯ ಮಾತು. ಕೆನರಾ, ಸಿಂಡಿಕೇಟ್, ವಿಜಯಾ, ಕಾರ್ಪೊರೇಶನ್ ಬ್ಯಾಂಕುಗಳ ಕೈಹಿಡಿದು ಮುಂಬಯಿಗೆ ಬಂದ ಕನ್ನಡ ಸಂಸಾರಗಳು ನಮ್ಮ ನಡುವೆ ಅನೇಕ. ೨೦೧೯ ಮತ್ತು ೨೦೨೦ರ ವಿಲೀನಗಳಲ್ಲಿ ಕೆನರಾ ಒಂದನ್ನು ಬಿಟ್ಟು ಉಳಿದ ಮೂರರ ಹೆಸರುಗಳೂ ಅಳಿದವು. ಇಂದು ನಮ್ಮ ಮಕ್ಕಳಲ್ಲಿ ಯಾರಾದರೂ ಕರ್ನಾಟಕದ ಶಾಖೆಗೆ ಅರ್ಜಿ ಹಾಕಿದರೆ, ಕನ್ನಡವನ್ನು ಓದಿ, ಬರೆದು, ಮಾತನಾಡಿ ತೋರಿಸಬೇಕು. ನನ್ನ ಅಕ್ಕನ ಮಗ ಇಲ್ಲಿಯ ಇಂಗ್ಲಿಷ್ ಶಾಲೆಯಲ್ಲಿ ಕಲಿತವನು. ಮನೆಯಲ್ಲಿ ನಿರರ್ಗಳವಾಗಿ ಕನ್ನಡ ಆಡುತ್ತಾನೆ. ಕಳೆದ ತಿಂಗಳು ಅವನ ಮುಂದೆ ಒಂದು ಕನ್ನಡ ಪತ್ರಿಕೆಯನ್ನಿಟ್ಟೆ. ತಲೆಬರಹವನ್ನು ಕೂಡಿಸಿ ಕೂಡಿಸಿ ಓದಿ, ಒತ್ತಕ್ಷರಗಳಲ್ಲಿ ತಡೆದು, ನಕ್ಕುಬಿಟ್ಟ. "ಮಾಮಾ, ಇದನ್ನು ನೀವು ಓದಿ ಹೇಳಿದರೆ ನನಗೆ ಎಲ್ಲ ಅರ್ಥವಾಗುತ್ತದೆ" ಎಂದ.

ಅವನನ್ನು ಅನುತ್ತೀರ್ಣಗೊಳಿಸಬೇಕಾದ ಪರೀಕ್ಷಕ ನಾನಾಗಿದ್ದರೂ ಹಾಗೆಯೇ ಮಾಡುತ್ತಿದ್ದೆ. ಅಲ್ಲಿ ಪರೀಕ್ಷೆಯ ತಪ್ಪಿಲ್ಲ. ಪ್ರಶ್ನಪತ್ರಿಕೆಗಳ ಕನ್ನಡ ತಿದ್ದಬೇಕೆಂದು ದಿಲ್ಲಿಗೂ ಬೆಂಗಳೂರಿಗೂ ಬರೆಯೋಣ. ಅದರ ಜತೆಗೆ, ಭಾನುವಾರದ ಒಂದು ಗಂಟೆ ನಮ್ಮ ಸಂಘದ ಕೋಣೆಯಲ್ಲಿ ಕಾಗುಣಿತದ ತರಗತಿ ನಡೆಯಲಿ. ಯಂತ್ರದ ಮೇಲೆ ಕನ್ನಡ ಬೆರಳಚ್ಚೂ ಅದೇ ಗಂಟೆಯಲ್ಲಿ ಕಲಿಯಬಹುದು. ಪರೀಕ್ಷೆ ಸುಧಾರಿಸುವ ದಿನ ಬಂದಾಗ ಅದಕ್ಕೆ ಕೂರಲು ನಮ್ಮವರು ಇರಬೇಕಷ್ಟೆ.