ಆರ್ಚಿ ಗೋಕಾಕಕ್ಕೆ ಬರಲೇ ಇಲ್ಲ

‘ಧಡಕ್ 2’ರ ಮೇಕಪ್ ಬಗ್ಗೆ ಬರೆಯುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ಅರ್ಧವಾದರೂ ಉಳಿಸಿಕೊಳ್ಳೋಣ. 2018ರ ತಮಿಳು ಚಿತ್ರ ‘ಪರಿಯೇರುಮ್ ಪೆರುಮಾಳ್’ 2025ರಲ್ಲಿ ಈ ಹೆಸರಿನಿಂದ ಹಿಂದಿಗೆ ಬಂತು. ಮಾರಿ ಸೆಲ್ವರಾಜ್ ಚಿತ್ರದಲ್ಲಿ ಕಾನೂನು ಓದಲು ಹೋಗುವ ದಲಿತ ಹುಡುಗನಾಗಿದ್ದವನು ಕದಿರ್. ಹಿಂದಿಯಲ್ಲಿ ಆ ಜಾಗಕ್ಕೆ ಸಿದ್ಧಾಂತ್ ಚತುರ್ವೇದಿ. ಅವನ ಮೈಬಣ್ಣವನ್ನು ಬೇಕೆಂದೇ ಮಬ್ಬು ಮಾಡಿದ್ದಾರೆಂದು ದೂರು ಎದ್ದಿತು. ದೂರು ಸರಿಯಾದದ್ದೇ. ದಲಿತನೆಂದರೆ ಕಪ್ಪು, ಬಡವನೆಂದರೆ ಕಪ್ಪು ಎಂಬುದು ಮುಂಬೈ ಮೇಕಪ್ ಕೋಣೆಯ ಹಳೆಯ ಲೆಕ್ಕ. 2019ರಲ್ಲಿ ‘ಸೂಪರ್ 30’ಗಾಗಿ ಹೃತಿಕ್ ರೋಷನ್, ಅದೇ ವರ್ಷ ‘ಬಾಲಾ’ಕ್ಕಾಗಿ ಭೂಮಿ ಪೆಡ್ನೇಕರ್ ಇದೇ ಡಬ್ಬಿಯ ಬಣ್ಣ ಹಚ್ಚಿಸಿಕೊಂಡವರು. ಒಂದು ಮಾತನ್ನು ಮಾತ್ರ ‘ಧಡಕ್ 2’ರ ಲೆಕ್ಕಕ್ಕೆ ಜಮಾ ಮಾಡಬೇಕು: ಮೊದಲ ‘ಧಡಕ್’ ಬಾಯಿಬಿಟ್ಟು ಹೇಳಲು ಅಂಜಿದ ಜಾತಿಯ ಹೆಸರನ್ನು ಇದು ಹೇಳಿತು.

ಇಷ್ಟು ಬರೆದರೆ ಸಾಕು, ನನ್ನ ಹಳೆಯ ಎದುರಾಳಿಗಳು ಎದ್ದು ಬರುತ್ತಾರೆ. ನಟನಿಗೆ ಜಾತಿಯಿಲ್ಲ, ಬಣ್ಣವಿಲ್ಲ, ಅವನು ಯಾರಾದರೂ ಆಗಬಲ್ಲ ಎನ್ನುವ ಪಂಗಡ ಇದು. ನಮ್ಮ ಸೀಮೆಯಲ್ಲಿ ಈ ಪಂಗಡದ ಕೈಯಲ್ಲಿ ಬಲವಾದ ಆಯುಧವೂ ಇದೆ. ಅದು ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣ ಬರೆದು, ಮೂಡಲಗಿ ಸೀಮೆಯ ಕುಲಗೋಡ ತಮ್ಮಣ್ಣ ತಿದ್ದಿ ಬೆಳೆಸಿದ ಆಟ. ಬೆಳತನಕ ಗಂಡಸೇ ಸತ್ಯಭಾಮೆಯಾಗಿ ಮುನಿಸಿಕೊಂಡು ಕೂತಾಗ ನಿಮ್ಮ ಅಜ್ಜ ತಕರಾರು ಮಾಡಿದ್ದನೇನು? ಆಮೇಲೆ ಕೌಜಲಗಿ ನಿಂಗಮ್ಮನಂಥ ಹೆಣ್ಣುಮಗಳು ಅದೇ ಆಟದಲ್ಲಿ ಹೆಸರು ಮಾಡಿದಾಗ ಬೇಡವೆಂದನೇನು? ಹಾಗಿದ್ದ ಮೇಲೆ ಸಿನಿಮಾದವರ ಮೈಬಣ್ಣಕ್ಕೇಕೆ ಪಂಚಾಯಿತಿ?

ಪಾರಿಜಾತವನ್ನು ಕಂಡವನು ಈ ವಾದ ಹೂಡಬಾರದು. ಅಲ್ಲಿ ಬಣ್ಣ ಬಣ್ಣವಾಗಿಯೇ ಕಾಣುತ್ತದೆ. ಭಾಗವತ ಎದುರಿಗೇ ನಿಂತಿರುತ್ತಾನೆ, ಪಾತ್ರವನ್ನು ಮಾತಾಡಿಸುತ್ತಾನೆ, ಯಾರು ಎತ್ತ ಎಂದು ವಿಚಾರಿಸುತ್ತಾನೆ. ಭಾಮೆಯ ಸೀರೆಯೊಳಗೆ ಇರುವವನು ಪಕ್ಕದೂರಿನ ಯಾವ ಗಾಣಿಗ, ಯಾವ ಕುರುಬ ಎಂಬುದು ಕೂತ ಮಂದಿಗೆಲ್ಲ ಗೊತ್ತು, ಗೊತ್ತಿದ್ದೇ ಒಪ್ಪಿರುತ್ತಾರೆ. ಸಿನಿಮಾ ಕ್ಯಾಮೆರಾಕ್ಕೆ ಇಂಥ ಕರಾರು ಇಲ್ಲ. ಮೇಕಪ್ ಕಂಡರೆ ಅಲ್ಲಿ ಕೆಲಸ ಕೆಟ್ಟಿತೆಂದೇ ಲೆಕ್ಕ. ಹಚ್ಚಿದ ಕಪ್ಪನ್ನು ಹುಟ್ಟುಗಪ್ಪು ಎಂದು ನಂಬಿಸಬೇಕು, ನಂಬಿಸಿದ ಮೇಲೆ ಪ್ರಶಸ್ತಿಗೂ ಕೈ ಚಾಚಬೇಕು. 1965ರ ಒಥೆಲೊ ಚಿತ್ರದಲ್ಲಿ ಲಾರೆನ್ಸ್ ಒಲಿವಿಯರ್ ಮೈಗೆಲ್ಲ ಮಸಿ ಬಳಿದುಕೊಂಡ. 2017ರಲ್ಲಿ ಜಪಾನಿನ ‘ಘೋಸ್ಟ್ ಇನ್ ದ ಶೆಲ್’ ಹಾಲಿವುಡ್ಡಿಗೆ ಬಂದಾಗ ನಾಯಕಿ ಸ್ಕಾರ್ಲೆಟ್ ಜೊಹಾನ್ಸನ್ ಆದಳು. ಅದೇ 2023ರ ‘ಲಿಟಲ್ ಮರ್ಮೇಡ್’ನಲ್ಲಿ ಕಪ್ಪು ಹುಡುಗಿ ಹ್ಯಾಲಿ ಬೈಲಿ ಮತ್ಸ್ಯಕನ್ಯೆಯಾದಾಗ ಎದ್ದ ಗದ್ದಲ ನೋಡಿ! ನಟ ಯಾರಾದರೂ ಆಗಬಲ್ಲ ಎನ್ನುವ ಬಾಗಿಲು ಒಂದೇ ಕಡೆಗೆ ತೆರೆಯುತ್ತದೆ. ಕಪ್ಪು ಹುಡುಗಿಯ ಪಾತ್ರಕ್ಕೆ ಬಿಳಿ ಹುಡುಗಿ ಬಂದರೆ ಅಭಿನಯ. ಬಿಳಿ ಹುಡುಗಿಯ ಪಾತ್ರಕ್ಕೆ ಕಪ್ಪು ಹುಡುಗಿ ಬಂದರೆ ಅನ್ಯಾಯ.

ಕನ್ನಡದಲ್ಲಿ ಗಂಡಸಿಗೆ ಕಪ್ಪು ಅಡ್ಡಿಯಲ್ಲ. 2007ರ ‘ದುನಿಯಾ’ದ ನಂತರ ವಿಜಯ್ ಆ ಬಣ್ಣದಿಂದಲೇ ‘ಕರಿ ಚಿರತೆ’ ಆದರು. ಕರಿ ಚಿರತೆಯ ಜೋಡಿಗೆ ಕರಿ ನಾಯಕಿ ಬೇಕೆಂದು ಯಾವ ನಿರ್ಮಾಪಕನೂ ಹುಡುಕಿಕೊಂಡು ಹೋದ ಸುದ್ದಿ ನಾನು ಓದಿಲ್ಲ. ಇರಲಿ, ಅದು ಬೇರೆ ವಾರದ ಜಗಳ.

ಈ ವಾರದ ಜಗಳ ‘ಸೈರಾಟ್’ನದು. 2016ರ ಏಪ್ರಿಲ್ 29ಕ್ಕೆ ಬಿಡುಗಡೆಯಾದ ಆ ಮರಾಠಿ ಚಿತ್ರದ ಸಲುವಾಗಿ ಸಂಕೇಶ್ವರ, ಹುಕ್ಕೇರಿ ಕಡೆಯವರಿಗೆ ಪೀಠಿಕೆ ಬೇಕಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ನಡೆಸುವ ಮಂದಿ ಅದನ್ನು ಮೂಲದಲ್ಲೇ ಉಂಡವರು. ನನ್ನಂಥವನು ಅದನ್ನು ಮತ್ತೆ ಮತ್ತೆ ನೋಡುವುದು ಹಾಡಿಗಲ್ಲ. ತರಗತಿಯ ಆ ಒಂದು ದೃಶ್ಯಕ್ಕೆ. ಪಾಟೀಲನ ಮಗ ಪ್ರಿನ್ಸ್ ಪಾಠ ಮಾಡುತ್ತಿದ್ದ ದಲಿತ ಮೇಷ್ಟ್ರಿಗೆ ಎಲ್ಲರೆದುರು ಕಪಾಳಕ್ಕೆ ಬಿಡುತ್ತಾನೆ. ಹಿನ್ನೆಲೆಯಲ್ಲಿ ಪಿಟೀಲು ಅಳುವುದಿಲ್ಲ. ಯಾರೂ ಭಾಷಣ ಬಿಗಿಯುವುದಿಲ್ಲ. ಊರಿನ ಲೆಕ್ಕವೆಲ್ಲ ಆ ಒಂದು ಏಟಿನಲ್ಲಿ ಚುಕ್ತಾ. ಮುಂದೆ ಅದೇ ಮನೆಯ ಮಗಳು ಆರ್ಚಿ ಮೀನು ಹಿಡಿಯುವವರ ಮನೆಯ ಪರಶ್ಯಾನ ಜೊತೆ ಓಡಿದಾಗ ಏನಾಗಬಹುದೆಂದು ಬೇರೆ ಹೇಳಬೇಕಿಲ್ಲ. ಹೈದರಾಬಾದಿನ ಕೊಳೆಗೇರಿ, ದೋಸೆ ಗಾಡಿಯ ಅಕ್ಕ, ಆರ್ಚಿ ಕಲಿಯುವ ತೆಲುಗು, ಜಗಳ, ಮತ್ತೆ ಕೂಡಿಕೆ, ಒಂದು ಕೂಸು, ಸ್ವಂತ ಮನೆಯ ಕನಸು. ಕೊನೆಗೊಂದು ದಿನ ಪ್ರಿನ್ಸನೂ ಸಂಗಡಿಗರೂ ತವರಿನ ಉಡುಗೊರೆ ಹಿಡಿದು ಬರುತ್ತಾರೆ. ಆರ್ಚಿ ಚಹಾ ಮಾಡಿ ಕೊಡುತ್ತಾಳೆ. ಪಕ್ಕದ ಮನೆಯವಳ ಜೊತೆ ಹೋಗಿದ್ದ ಕೂಸು ತಿರುಗಿ ಬಂದು, ನೆತ್ತರು ತುಳಿದು, ಅಳುತ್ತಾ ಹೆಜ್ಜೆ ಮೂಡಿಸಿಕೊಂಡು ಹೊರಗೆ ನಡೆಯುತ್ತದೆ. ಆ ಹೊತ್ತಿಗೆ ನಿರ್ದೇಶಕ ನಾಗರಾಜ ಮಂಜುಳೆ ಸದ್ದನ್ನೇ ತೆಗೆದುಹಾಕುತ್ತಾನೆ.

ಆರ್ಚಿಯಾದ ರಿಂಕು ರಾಜಗುರು ಅಕ್ಲೂಜದ ಶಾಲೆಯ ಹುಡುಗಿ. ಪರಶ್ಯಾ ಆದ ಆಕಾಶ್ ಠೋಸರ್ ಕೂಡ ಸೋಲಾಪುರ ಜಿಲ್ಲೆಯವನೇ. ಇಬ್ಬರಿಗೂ ಅದು ಮೊದಲ ಸಿನಿಮಾ. ರಿಂಕುವಿನ ಬಣ್ಣ ಆ ಬಿಸಿಲಿನದು. ಬುಲೆಟ್ ಓಡಿಸುವಾಗ, ಟ್ರ್ಯಾಕ್ಟರ್ ಏರುವಾಗ ಅವಳ ಭುಜದ ಗತ್ತು ಆ ಹೊಲದ ಒಡತಿಯದು. ಇಲ್ಲಿ ಮಂಜುಳೆ ಮಾಡಿದ ಚಮತ್ಕಾರವನ್ನು ಯಾರೂ ಸರಿಯಾಗಿ ಎಣಿಸಲಿಲ್ಲ ಎಂಬುದು ನನ್ನ ಗುಮಾನಿ. ಮೇಲ್ಜಾತಿಯ ಹುಡುಗಿ ನಸುಗಪ್ಪು, ಕೆಳಜಾತಿಯ ಹುಡುಗ ಅವಳಿಗಿಂತ ಕಪ್ಪೇನಲ್ಲ. ಬಣ್ಣ ನೋಡಿ ಜಾತಿ ಗುರುತಿಸುವ ಪ್ರೇಕ್ಷಕನಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಜಾತಿ ಕಾಣುವುದು ಯಾರು ಯಾರ ಮುಂದೆ ಕೂಡುತ್ತಾರೆ, ಯಾರು ಎದ್ದು ನಿಲ್ಲುತ್ತಾರೆ ಎಂಬುದರಲ್ಲಿ.

ರಿಮೇಕುಗಳು ಮೊದಲು ಕಳೆದುಕೊಂಡದ್ದು ಇದನ್ನೇ. ಪಂಜಾಬಿ, ಒಡಿಯಾ, ಬಂಗಾಳಿಗಳಿಗೂ ಕಥೆ ಹೋಯಿತು. 2018ರ ಹಿಂದಿ ‘ಧಡಕ್’ ಉದಯಪುರದ ಅರಮನೆ, ಕೆರೆಗಳಲ್ಲಿ ಮಿಂದೆದ್ದಿತು. ಶ್ರೀದೇವಿಯ ಮಗಳು ಜಾಹ್ನವಿ ಕಪೂರ್, ನೀಲಿಮಾ ಅಜೀಮರ ಮಗ ಇಶಾನ್ ಖಟ್ಟರ್ ಬಂದರು. ಜಾತಿ ತೆಳ್ಳಗಾಗಿ ಎರಡು ಮನೆತನಗಳ ರಾಜಕೀಯ ಹಗೆಯಾಯಿತು. ಕೊನೆಯಲ್ಲಿ ಹುಡುಗಿಯನ್ನು ಉಳಿಸಿ ಹುಡುಗನನ್ನೂ ಕೂಸನ್ನೂ ಕೊಂದರು. ಮೂಲದ ಸಂಗತಿಯನ್ನು ಮೆತ್ತಗೆ ಮಾಡಿ, ಕೊನೆಗೆ ಮಾತ್ರ ಮೂಲಕ್ಕಿಂತ ಕ್ರೂರವಾಗಲು ಹೊರಟರೆ ಅದು ಬರೀ ಗಾಬರಿ ಹುಟ್ಟಿಸುವ ಆಟ.

ಕನ್ನಡದ್ದು ‘ಮನಸು ಮಲ್ಲಿಗೆ’. 2017ರ ಮಾರ್ಚ್ ಕೊನೆಗೆ ಬಂತು. ರಾಕ್‌ಲೈನ್ ವೆಂಕಟೇಶ್ ನಿರ್ಮಾಣ, ಎಸ್. ನಾರಾಯಣ್ ನಿರ್ದೇಶನ. ನಾರಾಯಣ್‌ಗೆ ಈ ಜಾಡು ಹೊಸದಲ್ಲ. 2004ರ ತಮಿಳು ‘ಕಾದಲ್’ ಚಿತ್ರದ ಮಧುರೈ ಮೆಕ್ಯಾನಿಕ್ ಹುಡುಗನ ಕಥೆಯನ್ನು 2007ರಲ್ಲಿ ‘ಚೆಲುವಿನ ಚಿತ್ತಾರ’ ಮಾಡಿ ಗೆದ್ದವರು. ಅಲ್ಲಿ ಮೆಕ್ಯಾನಿಕ್ ಆದವರು ‘ಮುಂಗಾರು ಮಳೆ’ಯಲ್ಲಿ ತೊಯ್ದು ಆಗಷ್ಟೇ ತಾರೆಯಾಗಿದ್ದ ಗಣೇಶ್. ಜನ ನೋಡಿದ್ದು ಗಣೇಶರನ್ನು. ಮೆಕ್ಯಾನಿಕ್ ಯಾವ ಕೇರಿಯವನೆಂದು ಕೇಳಲು ಯಾರಿಗೆ ಪುರುಸೊತ್ತು? ‘ಮನಸು ಮಲ್ಲಿಗೆ’ಯಲ್ಲಿ ಒಂದು ವಿಚಿತ್ರ ನಡೆಯಿತು. ನಾಯಕಿಯಾಗಿ ರಿಂಕುವನ್ನೇ ಉಳಿಸಿಕೊಂಡರು, ನಾಯಕನನ್ನು ಬದಲಾಯಿಸಿದರು. ಹೊಸ ಹುಡುಗ ನಿಶಾಂತ್, ನಟ ಸತ್ಯಪ್ರಕಾಶ್ ಅವರ ಮಗ. ಆ ಹುಡುಗನ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಕಥೆಯ ಗಾಯ ಇರುವ ಪಾತ್ರಕ್ಕೇ ಬದಲಿ ಮುಖ ಸಾಕೆಂದು ಅನ್ನಿಸಿದ್ದು ಹೇಗೆ?

ಇದಕ್ಕೆ ಗಾಂಧಿನಗರದ ಕಾರಣವೂ ಒಂದುಂಟು. ಅರವತ್ತರ ದಶಕದಿಂದ ಡಬ್ಬಿಂಗ್‌ಗೆ ಬಾಗಿಲು ಹಾಕಿದ್ದ ಉದ್ಯಮ ನಮ್ಮದು. ಪರಭಾಷೆಯ ಕಥೆ ಕನ್ನಡದಲ್ಲಿ ಬೇಕೆಂದರೆ ಮುಖಗಳನ್ನು ಬದಲಿಸಲೇಬೇಕಿತ್ತು. 2015ರಲ್ಲಿ ಸ್ಪರ್ಧಾ ಆಯೋಗ ಈ ಅಘೋಷಿತ ನಿಷೇಧದ ವಿರುದ್ಧ ತೀರ್ಪು ಕೊಟ್ಟಿತು. ‘ಮನಸು ಮಲ್ಲಿಗೆ’ ಬಂದ 2017ರಲ್ಲೇ ತಮಿಳಿನ ಅಜಿತ್ ‘ಸತ್ಯದೇವ್ ಐಪಿಎಸ್’ ಆಗಿ ಕನ್ನಡ ಮಾತಾಡಿದ. ಡಬ್ಬಿಂಗ್ ಪರ ನಾನಲ್ಲ. ಆದರೂ ‘ಸೈರಾಟ್’ ಅದೇ ಮುಖಗಳಲ್ಲಿ, ಕಬ್ಬಿನ ಸೀಮೆಯ ಕನ್ನಡದಲ್ಲಿ ಬಂದಿದ್ದರೆ ಎಂದು ಆಸೆ ಪಡುವುದು ತಪ್ಪೇ?

ಯಾಕೆಂದರೆ ಆ ಕಥೆ ನಮ್ಮ ಮಗ್ಗುಲಿನದು. ಹಿಡಕಲ್ ಜಲಾಶಯದ ಕೆಳಗೆ ಹಬ್ಬಿದ ಕಬ್ಬು, ಸಕ್ಕರೆ ಕಾರ್ಖಾನೆಯ ಚುನಾವಣೆ, ಘಟಪ್ರಭೆಯಲ್ಲಿ ಬಲೆ ಬೀಸುವ ಕುಟುಂಬಗಳು, ಕಾಲೇಜಿನ ಗೇಟಿನೆದುರು ನಿಂತ ಬುಲೆಟ್ಟು. ಆರ್ಚಿಯ ಪಾಟೀಲ ಎಂಬ ಅಡ್ಡಹೆಸರನ್ನೂ ಬದಲಿಸಬೇಕಿರಲಿಲ್ಲ. ಪಾತ್ರಧಾರಿಗಳನ್ನು ಗೋಕಾಕದಲ್ಲಿ, ಮೂಡಲಗಿಯಲ್ಲಿ ಹುಡುಕಬಹುದಿತ್ತು. ಬೆಂಗಳೂರಿನ ಚಿತ್ರೋದ್ಯಮಕ್ಕೆ ನಮ್ಮೂರ ಹೆಸರು ಬೇಕಾದದ್ದು ಒಮ್ಮೆ, ಎಂಬತ್ತರ ದಶಕದ ಗೋಕಾಕ ಚಳವಳಿಗೆ. ಅದೂ ಸವಣೂರಿನಲ್ಲಿ ಹುಟ್ಟಿದ ವಿನಾಯಕರ ಅಡ್ಡಹೆಸರಿನ ದೆಸೆಯಿಂದ. ನಮ್ಮ ಮಾತು ಬೇಕಾದದ್ದು ಹಾಸ್ಯನಟನ ಬಾಯಿಗೆ ಮಾತ್ರ. ಪ್ರೀತಿ ಮಾಡುವವರು ಮೈಸೂರು ಕನ್ನಡ ಆಡಬೇಕು, ಬಿದ್ದು ನಗಿಸುವವನು ಮಾತ್ರ ‘ಯಾಕ್ರೀ’ ಎನ್ನಬೇಕು. ಮೇಕಪ್ಪಿಗಿಂತ ಈ ಬಣ್ಣ ನನಗೆ ಹೆಚ್ಚು ಉರಿಯುತ್ತದೆ.

ನನ್ನ ವಾದಕ್ಕೆ ಅಡ್ಡ ನಿಲ್ಲುವ ಒಂದು ಉದಾಹರಣೆ ಹುಕ್ಕೇರಿ ತಾಲ್ಲೂಕಿನಲ್ಲೇ ಇದೆ. ಘೋಡಗೇರಿಯ ಚಂದ್ರಶೇಖರ ಕಂಬಾರರು ತಾವೇ ನಿರ್ದೇಶಿಸಿದ ‘ಕಾಡು ಕುದುರೆ’ಗೆ ಹಾಡು ಬರೆದರು, ಹಾಡಿ ರಾಷ್ಟ್ರಪ್ರಶಸ್ತಿ ತಂದವರು ಶಿವಮೊಗ್ಗ ಸುಬ್ಬಣ್ಣ. ಮಲೆನಾಡಿನ ಕಂಠ, ಘೋಡಗೇರಿಯ ನುಡಿ. ನಮ್ಮಲ್ಲಿ ಯಾರೂ ಅದನ್ನು ಪರಕೀಯವೆನ್ನಲಿಲ್ಲ. ಎದುರಾಳಿಗಳು ಇದನ್ನು ಹಿಡಿದು ಕುಣಿಯಲಿ, ಅಡ್ಡಿಯಿಲ್ಲ. ಆದರೆ ಸುಬ್ಬಣ್ಣ ನುಡಿಯನ್ನು ತಮ್ಮ ಊರಿಗೆ ಎಳೆದುಕೊಳ್ಳಲಿಲ್ಲ, ತಾವೇ ನುಡಿಯ ಊರಿಗೆ ಬಂದರು. ರಿಮೇಕಿನಲ್ಲಿ ಬರುವ ನಟರು ಹೀಗೆ ಬಂದರೆ ನಾನು ಈ ಅಂಕಣದ ಅರ್ಧ ತಕರಾರನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ನಿರ್ಮಾಪಕರ ಮಾಮೂಲಿ ಉತ್ತರವೂ ಗೊತ್ತಿದೆ: ನಿಮ್ಮ ಕಡೆಯ ಭಾಷೆ ಹಳೇ ಮೈಸೂರಿಗೆ ತಿಳಿಯುವುದಿಲ್ಲ, ಗುರುತಿಲ್ಲದ ಮುಖಕ್ಕೆ ಟಿಕೆಟ್ ಹರಿಯುವುದಿಲ್ಲ. ‘ಸೈರಾಟ್’ ಬಂದ 2016ರಲ್ಲೇ ರಾಮ್ ರೆಡ್ಡಿಯ ‘ತಿಥಿ’ ಬಂತು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಹಳ್ಳಿಗರೇ ನಟರು, ಅವರ ಬಾಯಲ್ಲಿದ್ದದ್ದೇ ಸಂಭಾಷಣೆ. ಗಡ್ಡಪ್ಪ ಏನಂದನೆಂದು ಮೊದಲ ಹತ್ತು ನಿಮಿಷ ನಾವು ಕಿವಿ ನಿಮಿರಿಸಿಕೊಂಡೇ ಕೂತೆವು. ಆಮೇಲೆ ಎಲ್ಲ ತಿಳಿಯಿತು, ನಗುವಲ್ಲಿ ನಕ್ಕೆವು. ಆ ಹತ್ತು ನಿಮಿಷದ ಸಾಲವನ್ನು ಮಂಡ್ಯದವರು ಇನ್ನೂ ನಮಗೆ ತೀರಿಸಿಲ್ಲ.